ಟರ್ಬೊ ಕೊಳ್ಳುವ ಮುಂಚೆ ಗಾಳಿಯ ಲೆಕ್ಕ ಹಾಕಿ

"ಯಾವ ಟರ್ಬೊ ಹಾಕಿಸಲಿ?" ಅಂತ ಕೇಳುವವರಿಗೆ ಒಂದು ಮಾತು. ಟರ್ಬೊ ಅಂದರೆ ಎಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ. ಮೊದಲು ಎಷ್ಟು ಎಚ್‌ಪಿ (ಅಶ್ವಶಕ್ತಿ) ಬೇಕು ಅಂತ ಗಟ್ಟಿ ಮಾಡಿಕೊಳ್ಳಿ. ಪೆಟ್ರೋಲ್ ಎಂಜಿನ್ 10 ಎಚ್‌ಪಿ ಕೊಡಬೇಕಾದರೆ ನಿಮಿಷಕ್ಕೆ ಸುಮಾರು 1 ಪೌಂಡ್ ಗಾಳಿ ಬೇಕು. 200 ಎಚ್‌ಪಿ ಅಂದರೆ 20 ಪೌಂಡ್. ಡೀಸೆಲ್‌ಗೆ ಇನ್ನೂ ಜಾಸ್ತಿ. ಈ ಅಂಕಿ ಹಿಡಿದುಕೊಂಡು ಟರ್ಬೊದ ಕಂಪ್ರೆಸರ್ ಮ್ಯಾಪ್ ನೋಡಿ, ಅಂದರೆ ಯಾವ ಒತ್ತಡಕ್ಕೆ ಅದು ಎಷ್ಟು ಗಾಳಿ ಚೆನ್ನಾಗಿ ತಳ್ಳುತ್ತದೆ ಅಂತ ತೋರಿಸುವ ನಕ್ಷೆ. ನಿಮ್ಮ ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಗಾಳಿಯ ಒತ್ತಡ) ಮತ್ತು ಗಾಳಿಯ ಲೆಕ್ಕ ಸೇರುವ ಬಿಂದು ಮ್ಯಾಪಿನ ನಡುಭಾಗದಲ್ಲಿ ಬೀಳಬೇಕು. ತೀರಾ ಎಡಕ್ಕೆ ಹೋದರೆ ಸರ್ಜ್ ಆಗುತ್ತದೆ, ಅಂದರೆ ಗಾಳಿ ಹಿಂದಕ್ಕೆ ನುಗ್ಗುತ್ತದೆ. ಬಲತುದಿಗೆ ಹೋದರೆ ಗಾಳಿ ಸುಮ್ನೆ ಬಿಸಿಯಾಗುತ್ತದೆ, ಪವರ್ ಏರುವುದಿಲ್ಲ. ಮ್ಯಾಪ್ ಕೊಡದ ಅಗ್ಗದ ಟರ್ಬೊವನ್ನು ನಾನಂತೂ ಮುಟ್ಟುವುದಿಲ್ಲ.

ನಮ್ಮ ಕಲಬುರಗಿ ಬಿಸಿಲು ಗೊತ್ತೇ ಇದೆ ಅಲ್ವಾ? 25 ಡಿಗ್ರಿಗೆ ಹೋಲಿಸಿದರೆ 43 ಡಿಗ್ರಿಯಲ್ಲಿ ಗಾಳಿ ಸುಮಾರು ಶೇ. 6ರಷ್ಟು ತೆಳುವಾಗುತ್ತದೆ. ಜನವರಿ ಬೆಳಗಿನಲ್ಲಿ ಟ್ಯೂನ್ ಮಾಡಿಸಿದ ಗಾಡಿ ಮೇ ಮಧ್ಯಾಹ್ನ ಬಿಸಿ ಗಾಳಿಗೆ ನಾಕ್ ಹೊಡೆಯಬಹುದು, ಅಂದರೆ ಇಂಧನ ತಾನಾಗಿಯೇ ಹೊತ್ತಿ ಎಂಜಿನ್ ಬಡಿಯಬಹುದು. ಅದಕ್ಕೇ ಇಲ್ಲಿ ಟರ್ಬೊದ ಗಾಳಿಯನ್ನು ತಣ್ಣಗೆ ಮಾಡುವ ಒಳ್ಳೆ ಇಂಟರ್‌ಕೂಲರ್‌ಗೆ ಮೊದಲು ದುಡ್ಡು ಹಾಕಿ ಅನ್ನುತ್ತೇನೆ.

"ದೊಡ್ಡದೇ ಇರಲಿ ಬಿಡ್ರಿ" ಅನ್ನುವವರೂ ಇದ್ದಾರೆ. ದೊಡ್ಡ ಟರ್ಬೊ ತಡವಾಗಿ ಏಳುತ್ತದೆ, ಆಕ್ಸಿಲರೇಟರ್ ಒತ್ತಿದ ಮೇಲೆ ಪವರ್ ಬರಲು ಹೊತ್ತು ಹಿಡಿಯುತ್ತದೆ. ಹುಮನಾಬಾದ್ ರಸ್ತೆಯಲ್ಲಿ ಮಜಾ ಬರಬಹುದು, ಸೂಪರ್ ಮಾರ್ಕೆಟ್ ಟ್ರಾಫಿಕ್‌ನಲ್ಲಿ ಬರೀ ಕಿರಿಕಿರಿ.

ಇಂಜೆಕ್ಟರ್, ಫ್ಯೂಯೆಲ್ ಪಂಪ್, ಕ್ಲಚ್ ಆ ಪವರ್ ತಡೆಯುತ್ತವಾ ಅಂತಲೂ ನೋಡಿಸಿ. ಎಂಜಿನ್ ಬದಲಾವಣೆಯ ನಿಯಮ ಏನು ಅಂತ ಆರ್‌ಟಿಒದಲ್ಲಿ ವಿಚಾರಿಸಿ. ವಿಮೆ ಕಂಪನಿಗೂ ಮೊದಲೇ ತಿಳಿಸಿ, ಇಲ್ಲದಿದ್ದರೆ ಕ್ಲೇಮ್ ಹೊತ್ತಿಗೆ ತಕರಾರು ಎದ್ದೀತು.