ಫೈಬರ್ ಮೋಡೆಮ್ ತಗೊಳ್ಳೋರು ಇಷ್ಟು ನೋಡ್ಕೋರಿ

ಗ್ರೂಪ್‌ನ್ಯಾಗ ಬಹಳ ಮಂದಿ ಕೇಳಾಕತ್ತೀರಿ, ಸೆಟ್ಟಿಂಗ್ ತಲಿನೋವು ಇಲ್ಲದ ಮೋಡೆಮ್ ಯಾವ್ದು ಅಂತ. ಕಂಪನಿ ಹೆಸರು ಆಮ್ಯಾಲ, ಮೊದ್ಲು ಮನಿಗೆ ಬಂದಿರೋ ವೈರ್ ಯಾವ್ದು ನೋಡ್ರಿ. ಫೈಬರ್ ಇದ್ರ ಹಳೇ ಟೆಲಿಫೋನ್ ಲೈನಿನ ಮೋಡೆಮ್ ನಡಿಯಂಗಿಲ್ಲ, ಬರೇ ರೂಟರ್ ತಂದ್ರೂ ಫೈಬರ್ ಚುಚ್ಚಾಕ ಜಾಗಾನ ಇರಂಗಿಲ್ಲ, ಅದಕ್ಕ ಫೈಬರ್ ಪೋರ್ಟು ವೈಫೈ ಎರಡೂ ಒಂದ ಡಬ್ಬ್ಯಾಗ ಇರೋ ಒಎನ್‌ಟಿ (ಫೈಬರ್ ಮೋಡೆಮ್) ತಗೊಳ್ರಿ. ಫೈಬರ್ ಲೈನಿನ್ಯಾಗ ಜಿಪಾನ್, ಈಪಾನ್ ಅಂತ ಎರಡು ನಮೂನಿ ಇರ್ತಾವ, ನಿಮ್ದು ಯಾವ್ದು ಅಂತ ನೆಟ್ ಕೊಡೋ ಆಪರೇಟರ್‌ನ ಕೇಳ್ರಿ, ಡಬ್ಬಿ ಮ್ಯಾಲ ಎಕ್ಸ್‌ಪಾನ್ ಅಂತ ಬರ್ದಿದ್ರ ಎರಡಕ್ಕೂ ಮಾಡಿರೋದು ಅದು.

ಆದ್ರ ಆನ್‌ಲೈನ್‌ನ್ಯಾಗ 'ಹಚ್ಚಿದ್ರ ಸಾಕು, ನೆಟ್ ಬಂತು' ಅಂತ ಬರದಿರ್ತಾರಲ್ಲ, ಅದನ್ನ ಪೂರ್ತಿ ನಂಬಬ್ಯಾಡ್ರಿ. ಮೋಡೆಮ್‌ನ ಸೀರಿಯಲ್ ನಂಬರ್ ಆಪರೇಟರ್ ಕಡೆ ಸೇರಿಸ್ಬೇಕು, ಬಹಳ ಕಡೆ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ನಂಬರೂ (ಆಪರೇಟರ್ ತನ್ನ ಲೈನಿಗೆ ಕೊಡೋ ನಂಬರ್) ಹಾಕ್ಬೇಕು. ನನ್ನ ಕೇಳಿದ್ರ ವಯಸ್ಸಾದೋರು ಇರೋ ಮನಿಗೆ ಆಪರೇಟರ್ ಕೊಡೋ ಡಬ್ಬಿನ ಛಲೋ, ಎಲ್ಲಾ ಅವ್ರ ಮಾಡಿಕೊಟ್ಟು ಹೋಗ್ತಾರ.

ಡ್ಯುಯಲ್ ಬ್ಯಾಂಡ್, ಅಂದ್ರ 2.4 ಮತ್ತ 5 ಗಿಗಾಹರ್ಟ್ಸ್ ಎರಡೂ ವೈಫೈ ಇರೋದು ಇರ್ಲಿ. ನಮ್ ರಾಯಚೂರು ಕಡೆ ಹಳೇ ಕಲ್ಲಿನ ಗ್ವಾಡಿ ದಾಟಾಕ 5 ಗಿಗಾಹರ್ಟ್ಸ್‌ಗೆ ಕಷ್ಟ, ಒಳಗಿನ ಖೋಲಿಗೆ 2.4 ಬೇಕ. ಕರೆಂಟ್ ಹೋಗೋದು ನಿಮಗ ಹೇಳೋದೇನೈತಿ, ಅಡಾಪ್ಟರ್ ಮ್ಯಾಲ 12 ವೋಲ್ಟ್ ಅಂತ ಇದ್ರ ಅದಕ್ಕ ಹೊಂದೋ ಸಣ್ಣ ಯುಪಿಎಸ್ ಸಿಗತೈತಿ, ಆಂಪಿಯರ್ ನೋಡಿ ತಗೊಳ್ರಿ.

ಮತ್ತ ಮೋಡೆಮ್ ಮ್ಯಾಲಿನ ಲಾಸ್ (LOS, ಅಂದ್ರ ಸಿಗ್ನಲ್ ಇಲ್ಲ) ಲೈಟ್ ಕೆಂಪಗ ಮಿಣುಕಿದ್ರ ರಿಸೆಟ್ ಒತ್ತಾಕ ಹೋಗಬ್ಯಾಡ್ರೆಪಾ, ಹಾಕಿದ ಸೆಟ್ಟಿಂಗ್ ಎಲ್ಲಾ ಹೋಗಿಬಿಡತೈತಿ. ಅದು ಫೈಬರ್ ಲೈನಿಂದು ತೊಂದ್ರಿ, ಲೈನ್‌ಮ್ಯಾನ್‌ಗ ಫೋನ್ ಹಚ್ಚ್ರಿ.