ಅದೇ ಸಿನಿಮಾ, ಬೇರೆ ಡಿಸ್ಕ್: ಬದಲಾವಣೆ ಹಿಡಿಯುವುದು ಹೇಗೆ?

ಹಳೆಯ ಡಿವಿಡಿಯಲ್ಲಿ 115 ನಿಮಿಷ. ಹೊಸ ಬ್ಲೂ-ರೇಯಲ್ಲಿ 120 ನಿಮಿಷ. ಡಿವಿಡಿಯಲ್ಲಿ ಐದು ನಿಮಿಷ ಕತ್ತರಿಸಿಬಿಟ್ಟಿದ್ದಾರೆ ಎಂದು ಸಿಟ್ಟಾಗುವ ಮೊದಲು ಒಂದು ಲೆಕ್ಕ ಮಾಡಿ.

ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್‌ನಂತೆ, ಅಂದರೆ 24 ಬಿಡಿ ಚಿತ್ರಗಳಂತೆ, ಓಡುತ್ತದೆ. ಪಾಲ್ (PAL) ಎಂಬ ಟಿವಿ ಪದ್ಧತಿಯ ಡಿವಿಡಿ ಮತ್ತು ಕ್ಯಾಸೆಟ್‌ಗಳಲ್ಲಿ ಅದನ್ನೇ 25ಕ್ಕೆ ಏರಿಸಿ ಓಡಿಸುತ್ತಾರೆ. ಹಾಗಾಗಿ 120 ನಿಮಿಷದ ಸಿನಿಮಾ 115 ನಿಮಿಷ 12 ಸೆಕೆಂಡಿಗೇ ಮುಗಿದುಹೋಗುತ್ತದೆ. ಒಂದು ಫ್ರೇಮೂ ಕಳೆದಿರುವುದಿಲ್ಲ. ಪಾಲ್ ಸಮಯವನ್ನು 25ರಿಂದ ಗುಣಿಸಿ 24ರಿಂದ ಭಾಗಿಸಿ, ನಿಜವಾದ ಉದ್ದ ಸಿಗುತ್ತದೆ. ಇಂಥ ಸುಳ್ಳು ವ್ಯತ್ಯಾಸಗಳನ್ನು ಮೊದಲು ಕಳೆದರೆ ಮಾತ್ರ ನಿಜವಾದದ್ದು ಕಣ್ಣಿಗೆ ಬೀಳುತ್ತದೆ.

ಎರಡನ್ನೂ ಒಂದೇ ಪರದೆಯಲ್ಲಿ, ಒಂದೇ ಸೆಟ್ಟಿಂಗ್‌ನಲ್ಲಿ ನೋಡಿ. ಟಿವಿಯ ಶಾರ್ಪ್‌ನೆಸ್, ಚಲನೆಯನ್ನು ನುಣುಪಾಗಿಸುವ ಮೋಷನ್ ಸ್ಮೂತಿಂಗ್ ಎಲ್ಲ ಆಫ್ ಇರಲಿ. ಕಂಪ್ಯೂಟರ್ ಇದ್ದರೆ ಇನ್ನೂ ಸುಲಭ. ವಿಎಲ್‌ಸಿ (VLC) ಎಂಬ ವಿಡಿಯೊ ಪ್ಲೇಯರ್‌ನಲ್ಲಿ ‘ಇ’ (E) ಕೀ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ.

ಈಗ ಸಮಯದ ಪಟ್ಟಿ. ಹತ್ತು ನಿಮಿಷಕ್ಕೊಂದರಂತೆ ಗುರುತು ಹಿಡಿಯಲು ಸುಲಭವಾದ ಕಟ್ (ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಜಾಗ) ಆರಿಸಿ, ಎರಡೂ ಡಿಸ್ಕ್‌ನಲ್ಲಿ ಅದು ಬರುವ ಸಮಯ ಬರೆದುಕೊಳ್ಳಿ. ಪಾಲ್ ಡಿಸ್ಕ್ ಆದರೆ ಮೇಲಿನ ಲೆಕ್ಕದಂತೆ ಸಮಯವನ್ನು ಮೊದಲು ಬದಲಿಸಿಕೊಳ್ಳಿ. ಮೊದಲಿಂದ ಕೊನೆವರೆಗೂ ಒಂದೇ ಅಂತರ ಇದ್ದರೆ ಚಿಂತೆ ಬೇಡ. ಶುರುವಿನ ಲೋಗೋ ಉದ್ದ ಬೇರೆ ಇರಬಹುದು, ಅಷ್ಟೆ. ಅಂತರ 50ನೇ ನಿಮಿಷದಲ್ಲಿ 6 ಸೆಕೆಂಡ್ ಇದ್ದು 60ರಲ್ಲಿ 20 ಆಯಿತು ಅನ್ನಿ. ಆಗ 14 ಸೆಕೆಂಡ್ ಆ ಹತ್ತು ನಿಮಿಷದೊಳಗೇ ಹೋಗಿದೆ. ನಡುವಿನ 55ನೇ ನಿಮಿಷ ನೋಡಿ. ಅಲ್ಲಿ ಇನ್ನೂ 6 ಇದ್ದರೆ ಕತ್ತರಿ ಬಿದ್ದದ್ದು ಅದಾದ ಮೇಲೆ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ನಾಲ್ಕೈದು ಸಲಕ್ಕೆ ಆ ಶಾಟ್ ಮುಂದೆಯೇ ನಿಂತಿರುತ್ತೀರಿ. ಆ ಕ್ಷಣದ ಖುಷಿಗೇ ನನಗೆ ಈ ಕೆಲಸ ಇಷ್ಟ.

ಉದ್ದ ಬದಲಾಗದೆ ಚಿತ್ರವಷ್ಟೇ ಬದಲಾಗಿದ್ದರೆ ಗಡಿಯಾರ ಏನೂ ಹೇಳುವುದಿಲ್ಲ. ‘ಇ.ಟಿ.’ ಚಿತ್ರದ 2002ರ ಆವೃತ್ತಿಯಲ್ಲಿ ಮಕ್ಕಳನ್ನು ತಡೆಯಲು ನಿಂತವರ ಕೈಯಲ್ಲಿದ್ದ ಬಂದೂಕು ಅಳಿಸಿ ವಾಕಿಟಾಕಿ ಇಟ್ಟರು. ಇಂಥದ್ದಕ್ಕೆ ಒಂದೇ ದಾರಿ. ಒಂದೇ ಫ್ರೇಮನ್ನು ಎರಡೂ ಕಡೆಯಿಂದ ತೆಗೆದು, ಒಂದರ ಮೇಲೊಂದು ಇಟ್ಟು, ಪಟಪಟ ಅದಲು ಬದಲು ಮಾಡಿ. ಅಕ್ಕಪಕ್ಕ ಇಟ್ಟರೆ ತಪ್ಪಿಸಿಕೊಳ್ಳುವುದು ಇಲ್ಲಿ ಜಿಗಿದು ಕಾಣುತ್ತದೆ. ನಾಲ್ಕು ಅಂಚನ್ನೂ ಆಗಲೇ ನೋಡಿಬಿಡಿ. ಹಳೆಯ ಟಿವಿಯ 4:3 ಆಕಾರಕ್ಕೆ ಕೂರಿಸುವಾಗ ಪಕ್ಕದಲ್ಲಿ ನಿಂತ ಪಾತ್ರವೇ ಹೊರಗೆ ಹೋಗಿರಬಹುದು. ಕೆಲವೊಮ್ಮೆ ಉಲ್ಟಾ, ಮೇಲೆ ಕೆಳಗೆ ಜಾಸ್ತಿ ಕಾಣುತ್ತದೆ.

ಶಬ್ದಕ್ಕೆ ಕಣ್ಣು ಮುಚ್ಚಿ, ಹೆಡ್‌ಫೋನ್ ಹಾಕಿ. ಹಳೆಯ ಮೋನೋ (ಒಂದೇ ಚಾನೆಲ್‌ನ ಶಬ್ದದ) ಚಿತ್ರವನ್ನು ಸುತ್ತಲಿಂದ ಕೇಳಿಸುವ 5.1 ಶಬ್ದಕ್ಕೆ ಬದಲಾಯಿಸುವಾಗ ಗುಂಡಿನ ಸದ್ದು, ಬಾಗಿಲ ಸದ್ದು ಹೊಸದಾಗಿ ಸೇರಿಸುವುದುಂಟು.

ಬಣ್ಣ ಕೊನೆಗೆ ಇರಲಿ, ಅದೇ ಕಷ್ಟದ್ದು. ಹೊಸದು ಸರಿ, ಹಳೆಯದು ತಪ್ಪು ಎಂದು ಸುಮ್ನೆ ನಂಬಬೇಡಿ. ಎಚ್‌ಡಿಆರ್ (ಬೆಳಕು-ಕತ್ತಲೆಯ ವ್ಯಾಪ್ತಿ ಹೆಚ್ಚಿರುವ) ಡಿಸ್ಕ್‌ನ ಸ್ಕ್ರೀನ್‌ಶಾಟನ್ನು ಮಾಮೂಲಿ ಬ್ಲೂ-ರೇ ಜೊತೆ ನೇರವಾಗಿ ಹೋಲಿಸಲೂ ಬೇಡಿ. ಮುಖ, ಬಿಳಿ ಅಂಗಿ, ಆಕಾಶ ನೋಡಿ. ಮುಖ ಮೇಣದಂತೆ ನುಣುಪಾಗಿದ್ದರೆ ಫಿಲ್ಮಿನ ಕಾಳನ್ನು (ಗ್ರೇನ್, ಚಿತ್ರದಲ್ಲಿ ಕಾಣುವ ಸಣ್ಣ ಚುಕ್ಕೆಗಳು) ಯಂತ್ರ ಒರೆಸಿ ಹಾಕಿದೆ, ಜೊತೆಗೆ ಚರ್ಮದ ವಿವರವೂ ಹೋಗಿದೆ.

ರಾತ್ರಿಯ ಸೀನುಗಳ ಮೇಲೆ ವಿಶೇಷ ಗಮನ ಇಡಿ. ಹಗಲಲ್ಲಿ ಶೂಟ್ ಮಾಡಿ, ಆಮೇಲೆ ಕತ್ತಲೆ ಮತ್ತು ನೀಲಿ ಸೇರಿಸಿ ರಾತ್ರಿ ಮಾಡುವುದು ಹಳೆಯ ಪದ್ಧತಿ. ಹೊಸದಾಗಿ ಸ್ಕ್ಯಾನ್ ಮಾಡಿದವರಿಗೆ ಅದು ತಿಳಿಯದಿದ್ದರೆ ಆ ರಾತ್ರಿ ಮತ್ತೆ ಹಗಲಾಗಿಬಿಡುತ್ತದೆ. ಪಾತ್ರದ ಕೈಯಲ್ಲಿ ಲಾಟೀನು ಉರಿಯುತ್ತಿದೆ, ಕಾಲ ಬಳಿ ಬಿಸಿಲಿನ ಗಟ್ಟಿ ನೆರಳು ಬಿದ್ದಿದೆ ಎಂದರೆ ಅನುಮಾನ ಪಡಿ. ಹಳೆಯ ಕ್ಯಾಸೆಟ್, ಡಿವಿಡಿ ಎರಡರಲ್ಲೂ ಅಲ್ಲಿ ಕತ್ತಲೆ ಇದ್ದರೆ ಸೀನಿನ ಸಮಯ, ಡಿಸ್ಕ್ ಬಂದ ವರ್ಷ, ಕಂಪನಿ ಮೂರನ್ನೂ ಬರೆದಿಡಿ.