ಹುಡುಗ ದಿನಾ ಗಾಂಜಾ ಸೇದುತ್ತಿದ್ದರೆ ಏನು ಮಾಡಬೇಕು: ಒಬ್ಬ ಪಿಜಿ ಆಂಟಿಯ ಮಾತು

ಬಿಟಿಎಂ ಲೇಔಟಿನಲ್ಲಿ ಹುಡುಗರ ಪಿಜಿ ನಡೆಸುತ್ತೇನೆ. ಮೊದಲ ಮಾತು: ಬ್ಯಾಗು ಜಾಲಾಡಬೇಡಿ, ಹುಡುಗನನ್ನು ನೋಡಿ. ಕೆಂಪು ಕಣ್ಣು, ಹೊತ್ತಲ್ಲದ ಹೊತ್ತಿನಲ್ಲಿ ಹಸಿವು, ಇವೆಲ್ಲ ಕೆಲವೇ ಗಂಟೆ. ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ, ಎದ್ದ ಕೂಡಲೇ ಸೇದದಿದ್ದರೆ ಆಗಲ್ಲ ಅಂದರೆ ಚಟ ಬೇರು ಬಿಟ್ಟಿದೆ.

ವಾಂತಿಯನ್ನೂ ಗಮನಿಸಿ. ನಮ್ಮಲ್ಲೊಬ್ಬ ಬೆಳಗ್ಗೆಯಿಂದ ವಾಂತಿ ಮಾಡುತ್ತಿದ್ದ. ನಡುನಡುವೆ ಗೀಸರ್ ಹಾಕಿ ಸುಡುಸುಡು ನೀರು ಹೊಯ್ದುಕೊಳ್ಳುತ್ತಿದ್ದ. ನನಗೆ ಕರೆಂಟ್ ಬಿಲ್ಲಿನ ಚಿಂತೆ! ಗಂಜಿ, ಮಜ್ಜಿಗೆ, ಗ್ಯಾಸ್ಟ್ರಿಕ್ ಮಾತ್ರೆ, ಹೊಟ್ಟೆಯಲ್ಲಿ ಯಾವುದೂ ನಿಲ್ಲಲಿಲ್ಲ. "ಬಿಸಿನೀರು ಬಿದ್ದರೆ ಹಾಯಾಗುತ್ತಾ?" ಅಂತ ಡಾಕ್ಟರು ಕೇಳಿದ ಮೇಲೆ ಗುಟ್ಟು ಹೊರಬಿತ್ತು. ತುಂಬ ದಿನ ಬಿಡದೆ ಸೇದುವ ಕೆಲವರಿಗೆ ಹೀಗಾಗುತ್ತದಂತೆ. ಪೂರ್ತಿ ಬಿಟ್ಟರೇ ವಾಸಿ. ಮೈಯಲ್ಲಿ ನೀರು ಕಮ್ಮಿಯಾದರೆ ಕಿಡ್ನಿಗೇ ಪೆಟ್ಟು, ಸುಮ್ನೆ ಕಾಯಬೇಡಿ.

"ಎಲ್ಲರೂ ನನ್ನ ಬಗ್ಗೆಯೇ ಮಾತಾಡ್ತಿದಾರೆ", "ಫೋನಲ್ಲಿ ಯಾರೋ ಕದ್ದು ಕೇಳ್ತಿದಾರೆ" ಅಂತ ಶುರುವಾದರೆ ವಾದಕ್ಕಿಳಿಯಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ರಾತ್ರಿಯೂ ಎಮರ್ಜೆನ್ಸಿ ಇರುತ್ತದೆ. ಚಟ ಬಿಡಿಸುವ ವಿಭಾಗವೂ ಅಲ್ಲೇ ಇದೆ. ಮೀಸೆ ಮೂಡುವ ವಯಸ್ಸಿನಲ್ಲೇ ಶುರು ಮಾಡಿದವರಿಗೆ, ಮನೆತನದಲ್ಲಿ ಮಾನಸಿಕ ಕಾಯಿಲೆ ಇದ್ದವರಿಗೆ, ಕಡಕ್ ಮಾಲು ಸೇದುವವರಿಗೆ ಈ ಅಪಾಯ ಜಾಸ್ತಿ. "ಗಿಡದ ಸೊಪ್ಪು ಆಂಟಿ, ನ್ಯಾಚುರಲ್ಲು" ಅನ್ನುತ್ತಾರೆ. ಉಮ್ಮತ್ತಿಯೂ ಗಿಡವೇ ಅಲ್ವಾ?

ಬಿಟ್ಟ ಮೇಲೆ ಮೊದಲ ವಾರ ಕಷ್ಟ. ನಿದ್ದೆ ಬರಲ್ಲ, ಬಂದರೆ ಚಿತ್ರವಿಚಿತ್ರ ಕನಸು. ಊಟ ಸೇರಲ್ಲ, ಮಾತೆತ್ತಿದರೆ ಸಿಡುಕು. ಸಾಮಾನ್ಯವಾಗಿ ಎರಡು ವಾರದಲ್ಲಿ ತಗ್ಗುತ್ತದೆ, ನಿದ್ದೆ ಮಾತ್ರ ಇನ್ನೂ ಸತಾಯಿಸಬಹುದು. ಈ ದಿನಗಳಲ್ಲಿ ನಾನು ಉಪದೇಶ ಮಾಡುವುದಿಲ್ಲ. ತಟ್ಟೆಗೆ ಸ್ವಲ್ಪಸ್ವಲ್ಪ ಮೊಸರನ್ನ ಹಾಕಿ, ಸಂಜೆ ಮೇಲೆ ಕಾಫಿ ನಿಲ್ಲಿಸುತ್ತೇನೆ. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತರಿಸಲೇಬೇಡಿ. ಇನ್ನೊಂದು, ತಂಬಾಕು ಬೆರೆಸಿ ಸೇದುತ್ತಿದ್ದವನು ಸಿಗರೇಟು ಏರಿಸುತ್ತಾನೆ. ಅದನ್ನೂ ಡಾಕ್ಟರಿಗೆ ಹೇಳಿ.

ಆಸ್ಪತ್ರೆ ಅಂದರೆ ಹಿಂಜರಿಯುತ್ತಾನಾ? 14416ಕ್ಕೆ ಫೋನ್ ಮಾಡಿಸಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪೊಲೀಸ್ ಭಯವಿದ್ದರೆ ಇದನ್ನೂ ತಿಳಿಸಿ: 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ, ಅಂದರೆ ಮಾದಕ ವಸ್ತುಗಳ ಕಾನೂನಿನಲ್ಲಿ, ಸೇದಿದ್ದಕ್ಕೋ ಅಲ್ಪ ಪ್ರಮಾಣ ಇಟ್ಟುಕೊಂಡಿದ್ದಕ್ಕೋ ಕೇಸಾದ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ರಕ್ಷಣೆ ಕೊಡುವ 64ಎ ಕಲಂ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.